ಪಾಸಾದ ನರ್ಸಿನ ಹಾಸಿಗೆ ಲೆಕ್ಕ

ಗಲ್ಫಿನಲ್ಲಿ ನರ್ಸ್ ಆಗಿ ಕೆಲಸ ಮಾಡಬೇಕಾದರೆ ಇಲ್ಲಿಯ ಓದು, ಇಲ್ಲಿಯ ನೋಂದಣಿ ಸಾಲದು, ಅಲ್ಲಿಯವರ ಲೈಸೆನ್ಸ್ ಪರೀಕ್ಷೆಯನ್ನು ಬೇರೆಯೇ ಪಾಸು ಮಾಡಬೇಕು. ನಾನು ಆ ಪರೀಕ್ಷೆಯ ಆಲೋಚನೆ ಮಾಡಿದ್ದು ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ. ನನ್ನ ಜೊತೆ ಕಲಿತ ಹುಡುಗಿಯರು ಅಷ್ಟರೊಳಗೆ ಅಲ್ಲಿಗೆ ಹೋಗಿ, ದುಡಿದು, ಮನೆ ಮಾಡಿಕೊಂಡು, ಸೊಂಟನೋವು ಹಿಡಿಸಿಕೊಂಡು ತಿರುಗಿ ಬಂದೂ ಆಗಿತ್ತು. ಬಸ್ಸು ಹೊರಟ ಮೇಲೆ ಕೈ ಅಡ್ಡ ಹಿಡಿಯುವುದು ನನ್ನ ಹಳೆಯ ಚಾಳಿ.

ಆಸೆ ಇದ್ದದ್ದು ಒಂದೇ ಒಂದು ಸ್ವಂತ ಮನೆಯ ಮೇಲೆ. ನಾವಿರುವ ಮುಂಬೈ ಹೊರವಲಯದ ಡೊಂಬಿವಲಿಯಲ್ಲಿ ಬಾಡಿಗೆ ಕರಾರು ಹನ್ನೊಂದು ತಿಂಗಳದ್ದು. ಅದು ಮುಗಿಯುವಾಗ ಮಾಲೀಕನ ಮನಸ್ಸು ಚೆನ್ನಾಗಿದ್ದರೆ ಇನ್ನೊಂದು ಹನ್ನೊಂದು ತಿಂಗಳು, ಅವನ ಮಗನಿಗೆ ಮದುವೆ ಗೊತ್ತಾಗಿದ್ದರೆ ನಮಗೆ ಟೆಂಪೋ. ನಾವು ಎಷ್ಟು ಸಲ ಮನೆ ಬದಲಾಯಿಸಿದೆವು ಎಂದು ಲೆಕ್ಕವಿಟ್ಟಿಲ್ಲ. ನಮ್ಮ ಕಬ್ಬಿಣದ ಕಪಾಟಿನ ಮೈ ನೋಡಿದರೆ ಯಾರಾದರೂ ಅಂದಾಜು ಮಾಡಬಹುದು. ಎರಡು ವರ್ಷ ಗಲ್ಫಿನಲ್ಲಿ ದುಡಿದರೆ ಅಂಬರನಾಥದ ಕಡೆಯಲ್ಲಾದರೂ ಒಂದು ರೂಮ್, ಒಂದು ಕಿಚನ್ ನಮ್ಮದೇ ಎಂದು ಆದೀತು. ಗೋಡೆಗೆ ಮೊಳೆ ಹೊಡೆಯಲು ಯಾರನ್ನೂ ಕೇಳಬೇಕಾಗಿಲ್ಲದ ಒಂದು ಗೋಡೆ. ನನ್ನ ಕನಸಿನ ಅಳತೆ ಅಷ್ಟೇ ಇತ್ತು.

ನನ್ನ ಗಂಡ ಕಲ್ಯಾಣದ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂರುವವರು. ಗಿರಾಕಿಗಳಿಂದ ಹಣ ತೆಗೆದುಕೊಳ್ಳುತ್ತ ಎಲ್ಲರಿಗೂ ಧೈರ್ಯ ಹೇಳುವುದು ಅವರ ಅಭ್ಯಾಸ. ಮನೆಯಲ್ಲಿ ನಾವು ಆಡುವುದು ತುಳು, ಅದನ್ನು ಇಲ್ಲಿ ನಮ್ಮ ಊರಿನ ಕನ್ನಡಕ್ಕೆ ತಂದು ಬರೆಯುತ್ತೇನೆ.

"ಹೋಗಿ ಬಾ ಮಾರಾಯ್ತಿ. ಎರಡು ವರ್ಷ ಎಂತ, ಹೀಗೆ ಹೋಗ್ತದೆ."

"ನಿಮ್ಮ ಊಟ?"

"ಹೋಟೆಲಿನವನಿಗೆ ಊಟದ ಕತೆ ಹೇಳ್ತೀಯಾ?"

"ಹೋಟೆಲ್ ಮುಚ್ಚಿದ್ರೆ?"

"ನೋಡಿ, ಇವಳು ಪರೀಕ್ಷೆಗೆ ಕೂರುವ ಮೊದಲೇ ನನ್ನ ಹೋಟೆಲ್ ಮುಚ್ಚಿಸಿಬಿಟ್ಟಳು!"

ನನ್ನ ಚಿಂತೆಗಳು ಹೀಗೆ ಸಾಲಾಗಿ ಬರುತ್ತವೆ, ಒಂದರ ಸೆರಗು ಹಿಡಿದು ಇನ್ನೊಂದು.

ಮದುವೆಯ ಹೊಸತರಲ್ಲಿ ನಾನು ನವಿ ಮುಂಬೈಯ ಒಂದು ದೊಡ್ಡ ಆಸ್ಪತ್ರೆಯಲ್ಲಿದ್ದೆ. ನೂರಾರು ಹಾಸಿಗೆ, ಲಿಫ್ಟಿಗೆ ಬೇರೆಯೇ ಒಬ್ಬ ಮನುಷ್ಯ. ಮಗಳು ಹೊಟ್ಟೆಯಲ್ಲಿದ್ದಾಗ ಠಾಣೆ ರೈಲು ನಿಲ್ದಾಣದಲ್ಲಿ ಗಾಡಿ ಬದಲಿಸುವಾಗ ಸೇತುವೆಯ ಮೇಲೆ ಜನರ ನಡುವೆ ಸಿಕ್ಕಿ ಉಸಿರು ನಿಂತ ಹಾಗಾಗಿ, ಆ ಕೆಲಸ ಬಿಟ್ಟೆ. ಹೆರಿಗೆಯ ನಂತರ ಡೊಂಬಿವಲಿಯಲ್ಲೇ, ಮನೆಗೆ ಹತ್ತಿರದ ಒಂದು ಸಣ್ಣ ನರ್ಸಿಂಗ್ ಹೋಮ್ ಸೇರಿದೆ. ಅಲ್ಲಿ ನಾನು ಇನ್‌ಚಾರ್ಜ್ ಸಿಸ್ಟರ್. ನನ್ನ ಚಾರ್ಜಿನಲ್ಲಿ ಇದ್ದದ್ದು ಇಬ್ಬರು ಆಯಾಗಳು, ಒಬ್ಬಳು ಕಿರಿಯ ನರ್ಸ್, ಒಂದು ಸದಾ ಗೊರಕೆ ಹೊಡೆಯುವ ಫ್ರಿಜ್. ಆದರೂ ಊರಿಗೆ ಫೋನ್ ಮಾಡುವಾಗ ಇನ್‌ಚಾರ್ಜ್ ಎಂಬುದನ್ನು ಸ್ವಲ್ಪ ಎಳೆದೇ ಹೇಳುತ್ತಿದ್ದೆ.

ಪರೀಕ್ಷೆಯ ಕೋಚಿಂಗ್ ಕ್ಲಾಸು ಇದ್ದದ್ದು ಸಾನಪಾಡಾದಲ್ಲಿ, ಆದಿತ್ಯವಾರಗಳಂದು. ಮೊದಲನೆಯ ದಿನವೇ ರೈಲಿನವರ ಮೆಗಾಬ್ಲಾಕ್. ಹಳಿ ದುರಸ್ತಿಗೆಂದು ಗಾಡಿಗಳನ್ನು ನಿಲ್ಲಿಸಿದ್ದರು. ನಾನು ಬೆವರಿ ತಲುಪುವಷ್ಟರಲ್ಲಿ ಅರ್ಧ ಕ್ಲಾಸು ಮುಗಿದಿತ್ತು. ಬೆಂಚಿನ ಮೇಲಿದ್ದ ಹುಡುಗಿಯರು ನನ್ನನ್ನು ನೋಡಿ, ಮಗಳನ್ನು ಬಿಡಲು ಬಂದ ತಾಯಿ ಎಂದುಕೊಂಡು ದಾರಿ ಬಿಟ್ಟರು. ಕೂತ ಮೇಲೆ, "ಆಂಟೀ, ಆಪ್ ಭೀ?" ಎಂದು ಒಬ್ಬಳು ಕೇಳಿದಳು. ಹೌದಮ್ಮ, ನಾನೂ.

ಕಲಿಸುವ ಸರ್ ತಾವೇ ಗಲ್ಫಿನಲ್ಲಿ ವರ್ಷಗಟ್ಟಲೆ ನರ್ಸ್ ಆಗಿದ್ದು ಬಂದವರು. ಇಂಗ್ಲಿಷು, ಹಿಂದಿ ಬೆರೆಸಿ ಪಾಠ ಮಾಡುತ್ತಿದ್ದರು. ಪರೀಕ್ಷೆಯ ಪ್ರಶ್ನೆಗಳಿಗೆ ನಾಲ್ಕು ಉತ್ತರ ಕೊಟ್ಟಿರುತ್ತಾರೆ, ಸರಿಯಾದದ್ದನ್ನು ಆರಿಸಬೇಕು. ಔಷಧಿಯ ಲೆಕ್ಕ, ದೇಹದ ಅಂಗಗಳು, ಇವೆಲ್ಲ ಹೇಗೋ ಮತ್ತೆ ತಲೆಗೆ ಹತ್ತಿದವು. ನಾನು ಮುಗ್ಗರಿಸುತ್ತಿದ್ದದ್ದು ಒಂದೇ ಜಾತಿಯ ಪ್ರಶ್ನೆಯಲ್ಲಿ: ನರ್ಸ್ ಮೊದಲು ಏನು ಮಾಡಬೇಕು?

ರೋಗಿಗೆ ಎದೆನೋವು, ಮೊದಲು ಏನು? ನಾನು ಕಣ್ಣು ಮುಚ್ಚಿ 'ಡಾಕ್ಟರಿಗೆ ಫೋನ್' ಎಂದು ಗುರುತು ಹಾಕುತ್ತಿದ್ದೆ. ತಪ್ಪು. ರೋಗಿಗೆ ಉಸಿರು ಸಿಗುತ್ತಿಲ್ಲ? ಡಾಕ್ಟರಿಗೆ ಫೋನ್. ತಪ್ಪು. ಸರ್ ನನ್ನ ಉತ್ತರಪತ್ರಿಕೆ ಹಿಡಿದು ನಿಂತರು.

"ಸಿಸ್ಟರ್, ನಿಮ್ಮಲ್ಲಿ ನಿಜವಾಗಿ ಮೊದಲು ಏನು ಮಾಡ್ತೀರಿ?"

"ನಿಜವಾಗಿಯಾ ಸರ್? ಮೊದಲು ಮನೆಯವರಲ್ಲಿ ಒಬ್ಬರನ್ನು ಚೀಟಿ ಕೊಟ್ಟು ಕೆಮಿಸ್ಟ್ ಅಂಗಡಿಗೆ ಓಡಿಸ್ತೇವೆ. ಆಮೇಲೆ ಡಾಕ್ಟರಿಗೆ ಫೋನ್."

ಕ್ಲಾಸು ನಕ್ಕಿತು. ಸರ್ ನಗಲಿಲ್ಲ. "ಆ ಉತ್ತರ ನಾಲ್ಕರಲ್ಲಿ ಇಲ್ಲ. ಪರೀಕ್ಷೆಯ ಆಸ್ಪತ್ರೆಯಲ್ಲಿ ರೋಗಿಗೆ ಮನೆಯವರೇ ಇಲ್ಲ. ಕೆಮಿಸ್ಟ್ ಇಲ್ಲ. ಆಕ್ಸಿಜನ್ ಗೋಡೆಯಲ್ಲೇ ಇರ್ತದೆ, ಔಷಧ ಕಪಾಟಿನಲ್ಲೇ ಇರ್ತದೆ. ನೀವು ಮೊದಲು ರೋಗಿಯನ್ನು ನೋಡಬೇಕು, ಕೈಲಾದ್ದು ಮಾಡಬೇಕು, ಆಮೇಲೆ ಫೋನ್. ಅಲ್ಲಿ ನರ್ಸ್‌ಗೆ ತಲೆ ಇದೆ ಅಂತ ನಂಬಿದ್ದಾರೆ."

ಆ ಆಸ್ಪತ್ರೆಯನ್ನು ಕಲ್ಪಿಸಿಕೊಳ್ಳಲು ನನಗೆ ತಿಂಗಳುಗಳೇ ಬೇಕಾದವು. ಸ್ವರ್ಗವನ್ನು ಇದಕ್ಕಿಂತ ಸುಲಭವಾಗಿ ಕಲ್ಪಿಸಿಕೊಂಡಿದ್ದೆ.

ನನ್ನ ಕೈಕೆಳಗಿದ್ದ ಕಿರಿಯ ನರ್ಸ್ ಕಲಬುರಗಿ ಕಡೆಯವಳು. ತಂದೆತಾಯಿ ಕಟ್ಟಡದ ಕೆಲಸಕ್ಕೆ ಬಂದವರು, ಬೆಳೆದದ್ದು ಠಾಣೆಯ ಪಕ್ಕದ ಕಳವಾ ಎಂಬಲ್ಲಿ, ಒಂದೇ ಕೋಣೆಯಲ್ಲಿ. ಮಧ್ಯಾಹ್ನ ವಾರ್ಡು ತಣ್ಣಗಿದ್ದಾಗ ನನ್ನ ಪ್ರಶ್ನೆ ಪುಸ್ತಕ ಹಿಡಿದು ನನ್ನನ್ನು ಕೇಳುತ್ತಿದ್ದಳು.

"ಅಕ್ಕಾ, ಮೊದಲ ಏನ್ ಮಾಡ್ತೀರಿ?"

"ನಾಡಿ ನೋಡ್ತೇನೆ."

"ಹಾಂ, ಈಗ ಸುದ್ದ ಆದ್ರಿ ನೋಡ್ರಿ. ದುಬೈ ಸೇಠಾಣಿ ಆಗೂದ್ ಗ್ಯಾರಂಟಿ. ನನಗೂ ಕರಕೊಂಡ ಹೋಗ್ರಿ ಮತ್ತ, ನಿಮ್ಮ ಚಿಂತಿ ಎಲ್ಲಾ ಒಬ್ಬರೇ ಹೊರೂದಕ್ಕ ಆಗೂದಿಲ್ಲ."

ಆ ದಿನಗಳಲ್ಲೇ ಒಂದು ಸಂಗತಿ ನಡೆಯಿತು. ರಕ್ತಹೀನತೆಯ ರೋಗಿಯೊಬ್ಬನಿಗೆ ರಕ್ತ ಏರಿಸುತ್ತಿದ್ದೆವು. ಆ ಬಾಟಲಿಗಾಗಿ ಅವನ ತಮ್ಮ ಕಲ್ಯಾಣದ ಬ್ಲಡ್ ಬ್ಯಾಂಕಿಗೆ ಹೋಗಿ, ಬದಲಿಗೆ ತನ್ನ ರಕ್ತ ಕೊಟ್ಟು, ಐಸಿನ ಡಬ್ಬಿಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಲೋಕಲ್ ಗಾಡಿಯಲ್ಲಿ ತಂದಿದ್ದ. ಸ್ವಲ್ಪ ಹೊತ್ತಿಗೆ ರೋಗಿ ಕುತ್ತಿಗೆ ತುರಿಸಿಕೊಳ್ಳತೊಡಗಿದ. ಆಮೇಲೆ ನಡುಕ. ಹಿಂದಿನ ನಾನಾಗಿದ್ದರೆ ಹನಿ ನಿಧಾನ ಮಾಡಿ ಡಾಕ್ಟರಿಗೆ ಫೋನ್ ಮಾಡುತ್ತಿದ್ದೆ, ನಮ್ಮಲ್ಲಿ ಇದ್ದ ಪದ್ಧತಿ ಅದು. ಅಷ್ಟು ಕಷ್ಟದಿಂದ ಬಂದ ಬಾಟಲಿಯನ್ನು ನಿಲ್ಲಿಸಲು ಯಾರಿಗೂ ಕೈ ಬರುತ್ತಿರಲಿಲ್ಲ. ಅವತ್ತು ನನ್ನ ಕೈ ತಾನಾಗಿ ಹೋಗಿ ರಕ್ತದ ನಳಿಕೆ ಮುಚ್ಚಿತು. ಸಲೈನ್ ಹಚ್ಚಿ, ಬಿಪಿ ನೋಡಿ, ಆಮೇಲೆ ಫೋನ್ ಮಾಡಿದೆ.

"ಸಿಸ್ಟರ್, ಬಂದ್ ಕಾಯ್ಕು ಕಿಯಾ?" ಯಾಕೆ ನಿಲ್ಲಿಸಿದಿರಿ ಎಂದು ತಮ್ಮ ಗಾಬರಿಯಾದ.

ಡಾಕ್ಟರು ಬಂದರು. ರೋಗಿಯನ್ನು ನೋಡಿ ಇಂಜೆಕ್ಷನ್ ಕೊಟ್ಟರು. ಅವನು ಸುಧಾರಿಸಿದ. ಡಾಕ್ಟರು ಹೊರಗೆ ಬಂದು ನನಗೆ, "ದೂಸರಾ ಬಾಟ್ಲಾ ಅಬ್ ದುಬೈಸೇ ಆಯೇಗಾ ಕ್ಯಾ?" ಎಂದರು. ಎರಡನೆಯ ಬಾಟಲಿ ದುಬೈಯಿಂದ ಬರಲಿಲ್ಲ. ಆ ತಮ್ಮನೇ ಮತ್ತೆ ಕಲ್ಯಾಣಕ್ಕೆ ಹೋದ. ನಾನು ಮಾಡಿದ್ದು ಸರಿ ಎಂದು ನನಗೆ ಗೊತ್ತಿತ್ತು. ಅವನು ಖಾಲಿ ಡಬ್ಬಿ ಹಿಡಿದು ಮೆಟ್ಟಿಲಿಳಿಯುವಾಗ ಆ ಗೊತ್ತಿರುವುದರಿಂದ ಏನೂ ಉಪಯೋಗವಾಗಲಿಲ್ಲ. ಅಂದಿನಿಂದ ಆಯಾಗಳೂ ನನ್ನನ್ನು 'ದುಬೈವಾಲಿ' ಎನ್ನತೊಡಗಿದರು.

ಪರೀಕ್ಷೆ ಕಂಪ್ಯೂಟರಿನ ಮೇಲೆ. ನಾನು ಅದುವರೆಗೆ ಮೌಸ್ ಮುಟ್ಟಿದವಳಲ್ಲ. ಎಂಟನೆಯ ತರಗತಿಯ ಮಗಳು ಸೈಬರ್ ಕೆಫೆಗೆ ಕರೆದುಕೊಂಡು ಹೋಗಿ ಕೈ ಪಳಗಲೆಂದು ಇಸ್ಪೀಟಿನ ಆಟ ತೆರೆದು ಕೊಟ್ಟಳು. ಕನ್ನಡ ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ.

"ಪರೀಕ್ಷೆಯ ಮಧ್ಯೆ ಕೈ ನಡುಗಿ ಬೇರೆ ಉತ್ತರ ಒತ್ತಿದರೆ?"

"ತೋ ವಾಪಸ್ ಕ್ಲಿಕ್ ಕರೋ ನಾ, ಮಮ್ಮೀ. ಇತ್ನಾ ಕ್ಯಾ ಟೆನ್ಶನ್?"

"ಕರೆಂಟು ಹೋದರೆ?"

"ತೋ ಸಬ್ ಕಾ ಜಾಯೇಗಾ." ಹೋದರೆ ಎಲ್ಲರದ್ದೂ ಹೋಗುತ್ತದೆ. ಇದರಲ್ಲಿ ಅವಳಿಗೆ ಸಮಾಧಾನ ಕಂಡಿತ್ತು, ನನಗೆ ಕಾಣಲಿಲ್ಲ.

ಪಾಸ್‌ಪೋರ್ಟಿನಲ್ಲಿರುವ ನನ್ನ ಮುಖ ನನ್ನದೆಂದು ಒಪ್ಪದಿದ್ದರೆ ಎಂದು ಚಿಂತಿಸಿದೆ. ಇನ್ನೊಂದು ಮೆಗಾಬ್ಲಾಕ್ ಬಂದರೆ ಎಂದು ಚಿಂತಿಸಿದೆ. ಮಧ್ಯದಲ್ಲಿ ಮೂತ್ರಕ್ಕೆ ಬಿಡದಿದ್ದರೆ ಎಂದು ಚಿಂತಿಸಿ ಬೆಳಗ್ಗಿನಿಂದ ನೀರು ಕುಡಿಯಲಿಲ್ಲ. ನವಿ ಮುಂಬೈಯ ಆ ಗಾಜಿನ ಕಟ್ಟಡದಲ್ಲಿ ಎಸಿಯ ಚಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು. ಪರದೆಯ ಮೇಲಿನ ರೋಗಿಗಳು ಒಬ್ಬರ ಹಿಂದೆ ಒಬ್ಬರು ಬಂದರು, ಯಾರ ಜೊತೆಯಲ್ಲೂ ಮನೆಯವರಿಲ್ಲ. ಪಾಪ, ಅನಾಥರು ಎನಿಸಿತು. ಒಬ್ಬೊಬ್ಬರನ್ನೂ ಮೊದಲು ನೋಡಿದೆ, ಕೈಲಾದ್ದು ಮಾಡಿದೆ, ಡಾಕ್ಟರನ್ನು ಕೊನೆಯವರೆಗೂ ಕರೆಯಲಿಲ್ಲ. ಹೊರಗೆ ಬಂದಾಗ ಫೇಲು ಖಚಿತ ಎಂದು ಗಂಡನಿಗೆ ಫೋನ್ ಮಾಡಿ ಹೇಳಿದೆ.

ಫಲಿತಾಂಶ ಈಮೇಲಿನಲ್ಲಿ ಬಂತು. ಮಗಳು ಓದಿದಳು. "ಮಮ್ಮೀ, ತುಮ್ ಪಾಸ್ ಹೋ."

"ಹೆಸರು ಸರಿಯಾಗಿ ನೋಡು."

"ತುಮ್ಹಾರಾ ಹೀ ಹೈ!"

ಗಂಡ ಹೋಟೆಲಿನಿಂದ ಮೈಸೂರು ಪಾಕು ತಂದು ನಮ್ಮ ಮಾಳಿಗೆಯ ಮನೆಗಳಿಗೆಲ್ಲ ಹಂಚಿದರು. ಕಿರಿಯ ನರ್ಸ್ ಕುಣಿದಾಡಿದಳು. ನಾನು ಆ ವಾರವೆಲ್ಲ ವಿಮಾನದಲ್ಲಿ ಕಿವಿ ಕಟ್ಟುವುದರ ಬಗ್ಗೆ ಚಿಂತಿಸಿದೆ.

ನಾಲ್ಕಾರು ತಿಂಗಳಲ್ಲಿ ಒಂದು ಸಂದರ್ಶನ ಸಿಕ್ಕಿತು. ಗಲ್ಫಿನ ಆಸ್ಪತ್ರೆಯೊಂದರವರು ವಾಶಿಯ ಹೋಟೆಲಿನಲ್ಲಿ ಹಾಲ್ ಹಿಡಿದು ನರ್ಸ್‌ಗಳನ್ನು ಆರಿಸುತ್ತಿದ್ದರು. ಮೇಜಿನ ಆಚೆ ಕೂತಿದ್ದ ಹೆಂಗಸು ಸಭ್ಯಳು, ನನ್ನ ಅಂಕ ನೋಡಿ ಚೆನ್ನಾಗಿದೆ ಎಂದಳು. ನಂತರ, "ಈಗಿರುವ ಆಸ್ಪತ್ರೆಯಲ್ಲಿ ಹಾಸಿಗೆ ಎಷ್ಟು?" ಎಂದು ಕೇಳಿದಳು.

"ಮಳೆಗಾಲದಲ್ಲೋ, ಬೇಸಗೆಯಲ್ಲೋ?" ಎಂದೆ.

ತಮಾಷೆ ಎಂದುಕೊಂಡು ಅವಳು ನಕ್ಕಳು. ನಾನು ವಿವರಿಸಿದೆ. ಬೇಸಗೆಯಲ್ಲಿ ಹದಿನೆಂಟು. ಮಳೆಗಾಲದಲ್ಲಿ ಮಲೇರಿಯಾ, ಡೆಂಗಿ ಬಂದರೆ ಓಣಿಯಲ್ಲಿ ಮಂಚ ಹಾಕುತ್ತೇವೆ, ಒಂದೇ ಹಾಸಿಗೆಗೆ ಇಬ್ಬರು ಮಕ್ಕಳನ್ನು ಮಲಗಿಸುತ್ತೇವೆ, ಬೆಂಚಿನ ಮೇಲೂ ಸಲೈನ್ ಹಚ್ಚುತ್ತೇವೆ. ಎಲ್ಲ ಸೇರಿಸಿದರೆ ಮೂವತ್ತು ದಾಟುತ್ತದೆ. ಹೇಳುತ್ತ ಹೇಳುತ್ತ ನನಗೆ ಹೆಮ್ಮೆಯೂ ಬರುತ್ತಿತ್ತು, ಅಷ್ಟನ್ನು ನಾವು ನಾಲ್ಕೇ ಮಂದಿ ನಡೆಸುತ್ತೇವಲ್ಲ ಎಂದು. ಅವಳು ಪೆನ್ನು ಕೆಳಗಿಟ್ಟಳು. ಅವರಿಗೆ ಬೇಕಾಗಿದ್ದದ್ದು ಈಚಿನ ಎರಡು ವರ್ಷಗಳ ಅನುಭವ, ಅದೂ ನೂರು ಹಾಸಿಗೆಗೆ ಕಡಿಮೆಯಿಲ್ಲದ ಆಸ್ಪತ್ರೆಯಲ್ಲಿ. ಹಳೆಯ ದೊಡ್ಡ ಆಸ್ಪತ್ರೆಯ ಹೆಸರು ಹೇಳಿದೆ. ಅದು ತುಂಬ ಹಿಂದಿನದಾಯಿತು ಎಂದಳು.

ಸಾನಪಾಡಾದ ಸರ್‌ಗೆ ಫೋನ್ ಮಾಡಿದೆ. "ಮೊದಲ ದಿನ, ಶುರುವಿನಲ್ಲೇ ಹೇಳಿದ್ದೆನಲ್ಲ ಸಿಸ್ಟರ್," ಎಂದರು. ಶುರುವಿನಲ್ಲಿ ನಾನು ಮೆಗಾಬ್ಲಾಕಿಗೆ ನಿಂತ ಗಾಡಿಯಲ್ಲಿದ್ದೆ. ಲೋಕದ ಸಕಲ ವಿಷಯಗಳ ಬಗ್ಗೆ ಚಿಂತಿಸಿದವಳು ಹಾಸಿಗೆಯ ಬಗ್ಗೆ ಒಂದು ದಿನವೂ ಚಿಂತಿಸಿರಲಿಲ್ಲ.

ನಮ್ಮ ಡಾಕ್ಟರು ಕೆಟ್ಟವರಲ್ಲ. ಸುದ್ದಿ ಕೇಳಿ, "ಅನುಭವ ಪತ್ರದಲ್ಲಿ ಎಷ್ಟು ಹಾಸಿಗೆ ಬರೀಲಿ ಸಿಸ್ಟರ್? ಪಚಾಸ್? ಸೌ?" ಎಂದು ಕೇಳಿದರು. ಬರೆಸಿಕೊಳ್ಳುವ ಆಸೆಯಾಯಿತು. ಅಲ್ಲಿಯವರು ವಿಚಾರಿಸಲು ಯಾರನ್ನಾದರೂ ಕಳಿಸಿದರೆ ಉಳಿದ ಹಾಸಿಗೆಗಳನ್ನು ಎಲ್ಲಿಂದ ತರುವುದು? ನಮ್ಮ ಮನೆಯಲ್ಲಿದ್ದದ್ದು ಎರಡೇ. ಹದಿನೆಂಟೇ ಬರೆಯಿರಿ ಎಂದೆ. ಠಾಣೆಯ ದೊಡ್ಡ ಆಸ್ಪತ್ರೆಗಳಲ್ಲಿ ಕೆಲಸ ಕೇಳಿ ನೋಡಿದೆ. ಅಲ್ಲಿ ಅವರಿಗೆ ಬೇಕಾದವರು ಈಗಷ್ಟೇ ಓದು ಮುಗಿಸಿದ ಹುಡುಗಿಯರು. ಒಂದು ಕಡೆ ಒಪ್ಪಿದರು, ಆದರೆ ಎರಡು ವರ್ಷ ಮುಗಿಯುವಷ್ಟರಲ್ಲಿ ನನ್ನ ಪರೀಕ್ಷೆಯ ಅವಧಿ ತೀರುತ್ತದೆ, ವಯಸ್ಸೂ ಮೀರುತ್ತದೆ. ಪುನಃ ಠಾಣೆಯ ಸೇತುವೆ ಹತ್ತಿ ಒಂದು ಸಲ ನೋಡಿ ಬಂದೆ. ಮೊಣಕಾಲು ತನ್ನ ಅಭಿಪ್ರಾಯ ಹೇಳಿತು.

"ಫೇಲಾಗ್ತೀನಿ ಅಂತ ಅಳತಿದ್ರಿ. ಪಾಸಾಗಿ ಹೀಂಗ್ ಆತು. ಏನ್ ಅನಬೇಕ್ರಿ ಅಕ್ಕಾ ನಿಮಗ?" ಎಂದಳು ಕಿರಿಯ ನರ್ಸ್. ಈ ಸಲ ನಗಲಿಲ್ಲ. ಮುಂದಿನ ತಿಂಗಳು ಅವಳು ಠಾಣೆಯ ದೊಡ್ಡ ಆಸ್ಪತ್ರೆಗೆ ಸೇರಿದಳು. ನಾನೇ ಹೇಳಿ ಕಳಿಸಿದ್ದು.

ಆ ವರ್ಷವೂ ಕರಾರು ಮುಗಿಯಿತು, ಮಾಲೀಕ ಬಿಡಿಸಿದ. ರೈಲು ಹಳಿಯ ಆಚೆ ಬದಿಯಲ್ಲಿ ಇನ್ನೊಂದು ಮನೆ ನೋಡಲು ಹೋದೆವು. ಮಾಲೀಕರು ವಯಸ್ಸಾದ ಮರಾಠಿ ಗೃಹಸ್ಥರು. ನನ್ನ ಗಂಡ ರೂಢಿಯಂತೆ ಶುರುಮಾಡಿದರು: ನಾನು ನರ್ಸ್, ಸಾಧಾರಣ ನರ್ಸ್ ಅಲ್ಲ, ಗಲ್ಫಿನ ಪರೀಕ್ಷೆ ಪಾಸಾದವಳು. ಮುದುಕರ ಮುಖ ಬಾಡಿತು. ಅರ್ಧಕ್ಕೆ ಬಿಟ್ಟು ವಿದೇಶಕ್ಕೆ ಹೋಗುವವರಾದರೆ ಬೇಡ, ಈ ವಯಸ್ಸಿನಲ್ಲಿ ಮತ್ತೆ ಬಾಡಿಗೆಯವರನ್ನು ಹುಡುಕಲು ನನ್ನಿಂದಾಗದು ಎಂದರು. ಗಂಡ ಬಾಯಿ ತೆರೆದು ನನ್ನ ಕಡೆ ನೋಡಿದರು. ಉತ್ತರ ನಾನೇ ಕೊಡಬೇಕಾಗಿತ್ತು.

"ನಾಹೀ ಕಾಕಾ. ಆಮ್ಹೀ ಕುಠೇಚ ಜಾಣಾರ ನಾಹೀ." ನಾವು ಎಲ್ಲಿಗೂ ಹೋಗುವವರಲ್ಲ.

"ನಕ್ಕೀ?" ಖಂಡಿತ ತಾನೆ?

"ನಕ್ಕೀ," ಎಂದೆ. ಅವರು ಸಮಾಧಾನದಿಂದ ಅಡುಗೆಮನೆಯ ನಲ್ಲಿ ತಿರುಗಿಸಿ, ನೀರು ಬರುವುದನ್ನು ತೋರಿಸಿದರು.