ಗೋಡೆಯ ಮೇಲಿನ ಗಂಗತ್ತೆ

ಹಸಿ ಸುಣ್ಣದ ವಾಸನೆ ಬಂದರೆ ಇವತ್ತಿಗೂ ನನ್ನ ಕೈಗಳು ತಾವಾಗಿಯೇ ಬೆನ್ನ ಹಿಂದೆ ಹೋಗುತ್ತವೆ. ಮೊನ್ನೆ ಪಕ್ಕದ ಮನೆಗೆ ಸುಣ್ಣ ಹೊಡೆಯುತ್ತಿದ್ದ ದಿನವೇ ಮೊಮ್ಮಗಳ ಚರಿತ್ರೆಯ ಪುಸ್ತಕದಲ್ಲಿ ಪುರಾತನ ರೋಮಿನ ಸಿರಿವಂತನೊಬ್ಬನ ಮನೆಯ ಚಿತ್ರ ಕಂಡಿತು. ನಡುವೆ ಆಕಾಶಕ್ಕೆ ತೆರೆದ ಅಂಗಳ, ಮಳೆನೀರು ಬೀಳುವ ಕೊಳ, ಸುತ್ತ ಕಂಬಗಳು, ಗೋಡೆಯ ತುಂಬ ಬಣ್ಣದ ಹೆಂಗಸರು. ಕಂಪಲಾಪುರದ ನಮ್ಮ ತೊಟ್ಟಿಮನೆಯನ್ನು ಇವರು ಯಾವಾಗ ನೋಡಿದರು ಅಂದುಕೊಂಡೆ. ಹಿಂದೆಯೇ, ನನ್ನ ಅಭ್ಯಾಸದಂತೆ, ಚಿಂತೆ ಹತ್ತಿತು: ಅಲ್ಲೂ ನನ್ನಂಥವಳೊಬ್ಬಳು ಒದ್ದೆ ಬಟ್ಟೆ ಹಿಡಿದು ಓಡಾಡುತ್ತಿದ್ದಳೋ ಏನೋ.

ಐವತ್ತರ ದಶಕದ ಆ ಮನೆಯಲ್ಲಿ ಹೊರಗಿನ ಜಗಲಿ ತಾತನದು. ಅಲ್ಲಿ ಹದ ಮಾಡಿದ ಹೊಗೆಸೊಪ್ಪಿನ ಘಾಟು, ವ್ಯಾಪಾರದ ಮಾತು. ಒಳಗಿನ ತೊಟ್ಟಿ ಅಜ್ಜಿಯದು. ಬೆಳಗಿನ ಬಿಸಿಲು ಹಂಡೆಯ ನೀರಿನಲ್ಲಿ ಬಿದ್ದು ಎದುರು ಗೋಡೆಯ ಮೇಲೆ ಕುಣಿಯುತ್ತಿತ್ತು. ಆ ಗೋಡೆಯ ಮೇಲಿನ ಗಿರಿಜಾ ಕಲ್ಯಾಣದ ದಿಬ್ಬಣ ಆಗ ನಡೆಯತೊಡಗಿದಂತೆ ಕಾಣುತ್ತಿತ್ತು. ಸಾಲಿಗ್ರಾಮದಿಂದ ಬಂದ ಚಿತ್ರಗಾರರು ಬರೆದದ್ದು. ಬರೆಯುವಾಗ ತಮಗೆ ದಿನವೂ ಮಜ್ಜಿಗೆ ತಂದುಕೊಡುತ್ತಿದ್ದ ನನ್ನ ಸೋದರತ್ತೆ ಗಂಗೆಯ ಮುಖವನ್ನೇ ಅವರು ಗಿರಿಜೆಗೆ ಕನ್ನಡಿ ಹಿಡಿದ ಸಖಿಗೆ ಇಟ್ಟಿದ್ದರು. ಮರುವರ್ಷ ಅತ್ತೆ ಜ್ವರದಲ್ಲಿ ಹೋದಳು. ಫೋಟೋ ತೆಗೆಸಿರಲಿಲ್ಲ. ಅಜ್ಜಿಯ ಪಾಲಿಗೆ ಮಗಳೆಂದರೆ ಗೋಡೆಯ ಮೇಲಿನ ಆ ಗೇಣುದ್ದದ ಮುಖ ಒಂದೇ. ದಿನಾ ಸ್ನಾನವಾದ ಮೇಲೆ ಅದರ ಹಣೆಗೆ ಕುಂಕುಮ ಇಟ್ಟೇ ಒಲೆಯ ಮುಂದೆ ಕೂರುತ್ತಿದ್ದಳು. ಶಿವರಾತ್ರಿಗೆ ಮುಂಚೆ ಮನೆಗೆಲ್ಲ ಸುಣ್ಣ ಬಳಿದರೂ ಚಿತ್ರದ ಅಂಚಿಗೆ ಬಂದಾಗ ಕುಂಚವನ್ನು ತಾನೇ ಇಸಿದುಕೊಳ್ಳುತ್ತಿದ್ದಳು.

ನನಗೆ ಒಂಬತ್ತು ವರ್ಷವಾಗಿದ್ದಾಗ ಅಂಥದೇ ಒಂದು ಸುಣ್ಣದ ದಿನ, ಪಕ್ಕದ ಗೂಡಿನ ದೀಪದ ಮಸಿ ಅತ್ತೆಯ ಕೆನ್ನೆಗೆ ಹತ್ತಿರುವುದು ಕಣ್ಣಿಗೆ ಬಿತ್ತು. ಹೀಗೇ ಬಿಟ್ಟರೆ ಮುಖವೇ ಮುಚ್ಚಿಹೋಗುತ್ತದೆ, ಅಜ್ಜಿ ಏನು ಮಾಡುತ್ತಾಳೆ ಎಂಬ ಕಳವಳದಲ್ಲಿ ಊಟ ಸೇರಲಿಲ್ಲ. ತಲೆಯ ಹರಳೆಣ್ಣೆಯನ್ನೇ ತೆಗೆಯುವ ಸೀಗೆನೀರು ಮಸಿಯನ್ನು ತೆಗೆಯದೇ? ಬಟ್ಟೆ ಅದ್ದಿ, ಸ್ಟೂಲು ಹತ್ತಿ, ಮೆಲ್ಲಗೆ ಉಜ್ಜಿದೆ. ಮಸಿ ಹೋಯಿತು. ಕೆನ್ನೆಯೂ ಹೋಯಿತು. ಗಾಬರಿಯಲ್ಲಿ ಸರಿಮಾಡಲು ಹೋಗಿ ಕಣ್ಣು ಮೂಗುಗಳನ್ನೂ ಬಟ್ಟೆಗೆ ತೆಗೆದುಕೊಂಡೆ.

ಅಜ್ಜಿ ಬಯ್ಯಲಿಲ್ಲ. ನನ್ನ ಕೈಯ ಬಟ್ಟೆಯನ್ನು ತೆಗೆದುಕೊಂಡು ಮಡಿಸಿ ಪೆಟ್ಟಿಗೆಯಲ್ಲಿಟ್ಟಳು. ಬಯ್ದಿದ್ದರೆ ಈ ವಯಸ್ಸಿಗೆ ನನಗೆ ಕೊಂಚ ನಿದ್ದೆ ಬರುತ್ತಿತ್ತೇನೋ.

ತಾತ ಚಿತ್ರಗಾರರನ್ನು ಮತ್ತೆ ಕರೆಸಿದರು. ಕಣ್ಣು ಮಂದವಾಗಿದ್ದ ಮುದುಕರು ಗೋಡೆಯ ಮುಂದೆ ಬಹಳ ಹೊತ್ತು ಕೂತರು.

"ಮರ್ತೋಗದೆ ಕಣವ್ವ, ಸುಳ್ಳೇಳಕಿಲ್ಲ. ಅಂಗೇ ಇರೋರು ಯಾರಾರ ಅವ್ರಾ?"

"ಇವ್ಳೇ ಅವ್ಳಂಗೆ ಅಂತಾರೆ ಎಲ್ರೂ," ಎಂದು ಅಜ್ಜಿ ನನ್ನನ್ನು ಮುಂದೆ ತಳ್ಳಿದಳು.

ಮೂರು ದಿನ ಕಂಬಕ್ಕೊರಗಿ ಕನ್ನಡಿ ಹಿಡಿದು ನಿಂತೆ. "ಏನವ್ವ, ಅಮಲ್ದಾರ್ರಂಗೆ ಉಬ್ಬು ಗಂಟಾಕ್ಕೊಂಡಿದ್ದೀಯಲ್ಲ. ಮದುವೆ ಮನೆ ಕಣೆ ಇದು, ವಸಿ ನಗು," ಎಂದು ಮುದುಕರು ರೇಗಿಸುತ್ತಿದ್ದರು. ನಗಲು ಹೋದೆ, ಗಂಟು ಹೋಗಲಿಲ್ಲ. ದಿಬ್ಬಣದಲ್ಲಿ ಎಲ್ಲರೂ ನಗುತ್ತಿರುವಾಗ ಊಟ ಸಾಲುತ್ತದೋ ಇಲ್ಲವೋ ಎಂದು ಯೋಚಿಸುವವಳಂತೆ ನಾನೊಬ್ಬಳು ಮೂಡಿದೆ. "ಚೆನ್ನಾಗದೆ ಬುಡಿ," ಎಂದ ಅಜ್ಜಿ ಅವರನ್ನು ಹೊಸ ಪಂಚೆ ಕೊಟ್ಟು ಕಳಿಸಿದಳು. ನನ್ನ ಎದೆ ಹಗುರಾಯಿತು.

ಮರುದಿನ ಬೆಳಿಗ್ಗೆ ಅಜ್ಜಿ ಕುಂಕುಮದ ಭರಣಿ ಹಿಡಿದು ಗೋಡೆಯ ಬಳಿಗೆ ಹೋದಳು. ಬೆರಳು ಹಣೆಯ ಹತ್ತಿರ ಹೋಗಿ ನಿಂತಿತು.

"ಯಾಕಜ್ಜಿ, ಇಡಲ್ವಾ?"

"ಬದುಕಿರೋ ಮಗೀನ ಚಿತ್ರಕ್ಕೆ ಕುಂಕುಮ ಇಡಬಾರ್ದು ಕಣವ್ವ. ನಿಂಗೆ ಒಳ್ಳೇದಲ್ಲ."

ತಿರುಗಿ ಬಂದು, ಬೆರಳಿಗೆ ಹತ್ತಿದ್ದ ಕುಂಕುಮವನ್ನು ನಡುಮನೆಯ ಹೊಸಿಲಿಗೆ ಒರೆಸಿ ಒಳಗೆ ಹೋದಳು. ತಾನು ಇರುವವರೆಗೂ ಹಾಗೇ ಮಾಡಿದಳು: ಗೋಡೆಯವರೆಗೆ ಹೋಗುವುದು, ನಿಲ್ಲುವುದು, ಹೊಸಿಲಿಗೆ ಒರೆಸುವುದು. ನಾನು ಬದುಕಿರಬೇಕಾದ್ದರಿಂದ ಅವಳ ಮಗಳಿಗೆ ಕುಂಕುಮ ತಪ್ಪಿತು.

ಅಜ್ಜಿ ಹೋದ ಮೇಲೆ ಪಾಲಾಗಿ ಮನೆ ಬಿಚ್ಚಿದರು. ಗೋಡೆ ಮಣ್ಣಾಯಿತು, ಕಂಬಗಳು ಒಂದೊಂದು ಗಾಡಿ ಹತ್ತಿದವು. ನಿನಗೇನು ಬೇಕು ಎಂದರು. ಹೊಸಿಲು ಕೇಳಿದೆ. ಈಗ ಅದು ನಮ್ಮ ಪುಟ್ಟ ಮನೆಯ ದೇವರ ಕೋಣೆಗಿದೆ, ಬಾಗಿಲಿಗಿಂತ ಎರಡು ಗೇಣು ಉದ್ದ, ಬಂದವರೆಲ್ಲ ಎಡವುತ್ತಾರೆ. ಅದರ ಒಂದು ಮೂಲೆಯಲ್ಲಿ ಮರದ ಎಳೆಗಿಳಿದ ಕೆಂಪು ಇನ್ನೂ ಇದೆ. ಮನೆಯೆಲ್ಲ ಒರೆಸುತ್ತೇನೆ. ಅದನ್ನು ಒರೆಸುವುದಿಲ್ಲ, ಒರೆಸಲು ಯಾರಿಗೂ ಬಿಡುವುದಿಲ್ಲ.