ಛತ್ರಿ ಕಾರ್ಖಾನೆಯ ಚಿಕ್ಕಮ್ಮ ಕಾಲೇಜಿಗೆ ಹೋದದ್ದು

ಕಾಲೇಜಿನಲ್ಲಿ ಅವಳನ್ನು ಎಲ್ಲರೂ ಚಿಕ್ಕಮ್ಮ ಎಂದೇ ಕರೆಯುತ್ತಿದ್ದರು. ಹಾಗೆ ಕರೆಯುವ ಹಕ್ಕು ನಿಜವಾಗಿ ಇದ್ದದ್ದು ಪಕ್ಕದಲ್ಲಿ ಕೂರುತ್ತಿದ್ದ ಅಕ್ಕನ ಮಗಳಿಗೆ ಮಾತ್ರ. ಆ ಹುಡುಗಿ ಮೊದಲ ದಿನವೇ, "ಚಿಕ್ಕಮ್ಮ, ಇಲ್ಲಿ ಬಾ, ಜಾಗ ಹಿಡಿದಿದೀನಿ" ಎಂದು ಕೂಗಿದ್ದೇ ತಡ, ತರಗತಿಗೆ ತರಗತಿಯೇ ಆ ಹೆಸರನ್ನು ಎತ್ತಿಕೊಂಡಿತು. ಕೊನೆಗೆ ಹಾಜರಿ ಕೂಗುವ ಮೇಷ್ಟ್ರ ಬಾಯಲ್ಲೂ ಅದೇ ನಿಂತಿತು.

ಅವಳಿಗಾಗ ಮೂವತ್ತು ದಾಟಿ ಬಹಳವಾಗಿತ್ತು. ಮದುವೆಗೆ ಮುಂಚೆ ಡಿಪ್ಲೊಮಾ ಮುಗಿಸಿ ಛತ್ರಿ ಕಾರ್ಖಾನೆಯ ಪ್ಯಾಕಿಂಗ್ ವಿಭಾಗಕ್ಕೆ ಸೇರಿದವಳು ಅಲ್ಲೇ ಬೇರು ಬಿಟ್ಟಿದ್ದಳು. ಡಿಪ್ಲೊಮಾ ಆದವರನ್ನು ಲಾಜಿಸ್ಟಿಕ್ಸ್ ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ನೇರವಾಗಿ ಸೇರಿಸಿಕೊಳ್ಳುತ್ತಾರೆಂಬ ಸುದ್ದಿ ತಂದವಳು, ಆಗ ಅಲ್ಲೇ ಮೊದಲ ವರ್ಷ ಓದುತ್ತಿದ್ದ ಅಕ್ಕನ ಮಗಳೇ. "ಸಾಮಾನು ಎಲ್ಲಿಂದ ಬರುತ್ತೆ, ಹೇಗೆ ತಯಾರಾಗುತ್ತೆ, ಎಲ್ಲಿಗೆ ಹೋಗುತ್ತೆ, ಅಷ್ಟೇ ಚಿಕ್ಕಮ್ಮ. ನೀನು ದಿನಾ ಮಾಡೋದೇ ಅದು" ಎಂದು ಅವಳ ಬೆನ್ನು ಬಿದ್ದಳು. ಗಡಿಯಾರ ರಿಪೇರಿ ಮಾಡುತ್ತಿದ್ದ ಗಂಡ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯನ್ನು ತೆಗೆಯದೆಯೇ, "ಹೋಗು. ಮನೆಯೇನು ಓಡಿಹೋಗಲ್ಲ" ಎಂದ. ಕಾರ್ಖಾನೆಯವರು ಮಧ್ಯಾಹ್ನದ ಪಾಳಿ ಕೊಟ್ಟರು. ಹೀಗೆ ಬೆಳಿಗ್ಗೆ ವಿದ್ಯಾರ್ಥಿನಿ, ಊಟವಾದ ಮೇಲೆ ಕೆಲಸಗಾರ್ತಿ ಎಂಬ ಎರಡು ದೋಣಿಯ ಪಯಣ ಶುರುವಾಯಿತು.

ಪ್ರೊಡಕ್ಷನ್ ಮ್ಯಾನೇಜ್‌ಮೆಂಟ್ ವಿಷಯವೆಂದರೆ ಅವಳಿಗೆ ಮೊದಮೊದಲು ಭಾರಿ ಧೈರ್ಯ. ಹುಡುಗರೆಲ್ಲ ಕಾರ್ಖಾನೆಯನ್ನು ಚಿತ್ರದಲ್ಲಿ ನೋಡಿದವರು. ತಾನು ಅದರ ಎಣ್ಣೆ ವಾಸನೆಯಲ್ಲೇ ಬೆಳೆದವಳು. ಆ ಧೈರ್ಯ ಇಳಿದದ್ದು ಕಾಗದದ ದೋಣಿಯಿಂದ. ಮೇಷ್ಟ್ರು ಬಲು ನಿಧಾನಸ್ಥರು, ಒಂದು ವಾಕ್ಯ ಮುಗಿಸುವುದರೊಳಗೆ ಕನ್ನಡಕವನ್ನು ಎರಡು ಸಲ ಒರೆಸುವವರು. ಒಂದು ದಿನ ಮೇಜುಗಳನ್ನು ಸಾಲಾಗಿ ಜೋಡಿಸಿ, ಒಬ್ಬೊಬ್ಬರಿಗೆ ಒಂದೊಂದು ಮಡಿಕೆಯ ಕೆಲಸ ಹಚ್ಚಿ, ದೋಣಿ ಮಾಡಿಸಿದರು. ಚಿಕ್ಕಮ್ಮನ ಕೈಯ ವೇಗ ಕೇಳಬೇಕೆ? ಮಡಿಸಿದಳು, ತಳ್ಳಿದಳು, ಮತ್ತೆ ಮಡಿಸಿದಳು. ಮುಂದಿನ ಮೇಜು ಅಕ್ಕನ ಮಗಳದು. ಅವಳ ಮುಂದೆ ಕಾಗದ ಗುಡ್ಡೆಯಾಗಿ, ಜಾರಿ, ಮಡಿಲ ತುಂಬ ಬಿತ್ತು.

"ಚಿಕ್ಕಮ್ಮ, ಸ್ವಲ್ಪ ತಡಿಯೇ. ನಂಗೆ ಉಸಿರಾಡೋಕೂ ಬಿಡ್ತಿಲ್ಲ ನೀನು."

"ನೀನು ಬೇಗ ಮಾಡು. ನಾನ್ಯಾಕೆ ತಡೀಲಿ?"

ಕೊನೆಯಲ್ಲಿ ಮೇಷ್ಟ್ರು ಎಲ್ಲರನ್ನೂ ಕರೆದು ಆ ಗುಡ್ಡೆಯನ್ನು ತೋರಿಸಿದರು. "ಚಿಕ್ಕಮ್ಮ ಎಲ್ಲರಿಗಿಂತ ಬೇಗ ಮಾಡಿದ್ರು. ಅದರಿಂದ ಒಂದು ದೋಣಿಯಾದ್ರೂ ಜಾಸ್ತಿ ಆಯ್ತಾ? ಇಲ್ಲ. ಸಾಲು ನಡೆಯೋದು ಅದರೊಳಗಿನ ನಿಧಾನದ ಕೈಯನ್ನ ನೋಡ್ಕೊಂಡು. ಅದಕ್ಕಿಂತ ಮುಂದೆ ಓಡಿದವರು ಗುಡ್ಡೆ ಹಾಕ್ತಾರೆ, ಅಷ್ಟೇ."

ಹಿಂದಿನ ಬೆಂಚಿನಿಂದ ಯಾರೋ, "ಆತುರಗಾರನಿಗೆ ಬುದ್ಧಿ ಮಟ್ಟ" ಎಂದು ಗಾದೆ ಒಗೆದರು. ಎಲ್ಲರ ಜೊತೆ ಚಿಕ್ಕಮ್ಮನೂ ನಕ್ಕಳು. ಆದರೆ ಕಾರ್ಖಾನೆಯಲ್ಲಿ ಇಷ್ಟು ವರ್ಷ ಶಹಬ್ಬಾಸ್‌ಗಿರಿ ತಂದುಕೊಟ್ಟ ಕೈಗಳನ್ನು ಅವತ್ತು ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು, ಬೇರೆ ಯಾರದೋ ಕೈ ಎಂಬಂತೆ ನೋಡಿದಳು.

ಅಲ್ಲಿಂದ ಕಾರ್ಖಾನೆಯೇ ಬೇರೆಯಾಗಿ ಕಾಣತೊಡಗಿತು. ಎಲ್ಲಿ ನೋಡಿದರೂ ಗುಡ್ಡೆ. ಹೊಲಿದ ಬಟ್ಟೆಯನ್ನು ಛತ್ರಿಯ ಕಡ್ಡಿಗಳ ತುದಿಗೆ ಸೂಜಿ ದಾರದಿಂದ ಕಟ್ಟುವ ಕೆಲಸವೇ ಎಲ್ಲಕ್ಕಿಂತ ನಿಧಾನದ್ದು. ಆ ಹೆಂಗಸರ ಮುಂದೆ ಕಪ್ಪು ಬಟ್ಟೆ ಎದೆಯೆತ್ತರ ಬಿದ್ದಿರುತ್ತಿತ್ತು. ಕೊನೆಯ ವರ್ಷದ ಪ್ರಾಜೆಕ್ಟಿಗೆ ಚಿಕ್ಕಮ್ಮ ಮತ್ತು ಅಕ್ಕನ ಮಗಳು ಅದನ್ನೇ ಆರಿಸಿಕೊಂಡರು. ಅವರ ಯೋಜನೆ ಇಷ್ಟೇ: ಹೊಲಿದ ಬಟ್ಟೆಯನ್ನು ದೊಡ್ಡ ಪೆಟ್ಟಿಗೆ ತುಂಬುವ ತನಕ ಕಾಯದೆ ಸಣ್ಣ ಬುಟ್ಟಿಗಳಲ್ಲಿ ಸಾಗಿಸಬೇಕು. ಮುಂದೆ ಕಟ್ಟುವವರು ಖಾಲಿ ಬುಟ್ಟಿ ಮರಳಿಸಿದ ಮೇಲೆಯೇ ಹಿಂದಿನವರು ಹೊಲಿಯಬೇಕು. ಮಾಲೀಕರು ಗೊಣಗುತ್ತಲೇ ಒಪ್ಪಿದರು. ಒಂದು ತಿಂಗಳಲ್ಲಿ ಗುಡ್ಡೆಗಳೆಲ್ಲ ಮಂಜಿನಂತೆ ಕರಗಿ, ನೆಲ ಕಂಡಿತು. ಬಟ್ಟೆ ಮಾಸುವುದು ನಿಂತಿತು. ಛತ್ರಿಗಳು ಹೇಳಿದ ದಿನಕ್ಕೆ ಲಾರಿ ಹತ್ತಿದವು.

ಚಿಕ್ಕಮ್ಮ ಹಿಗ್ಗಿನಲ್ಲಿದ್ದಾಗಲೇ ಅವಳ ಗೆಳತಿ ಮಾತು ಬಿಟ್ಟಳು. ಆ ಗೆಳತಿ ಬಟ್ಟೆ ಕಟ್ಟುವ ವಿಭಾಗದವಳು. ಎಲ್ಲರೂ ಅವಳನ್ನು ಕಡ್ಡಿ ಎನ್ನುತ್ತಿದ್ದರು. ಛತ್ರಿ ಕಡ್ಡಿಯ ಹಾಗೆ ತೆಳ್ಳಗಿದ್ದಳೆಂದಲ್ಲ, ಕಡ್ಡಿ ಮುರಿದ ಹಾಗೆ ಮಾತಾಡುತ್ತಿದ್ದಳೆಂದು. ಅಂಥವಳು ಮಾತೇ ಆಡದಿದ್ದರೆ ಹೇಗೆ? ಚಿಕ್ಕಮ್ಮ ನಲ್ಲಿಯ ಹತ್ತಿರ ತಡೆದು ಕೇಳಿದಳು.

"ನಿಂಗೆ ಕೆಲಸ ಜಾಸ್ತಿ ಆಯ್ತೇನೆ?"

"ಕೆಲಸ ಅಷ್ಟೇ ಇದೆ."

"ಮತ್ತೆ?"

"ಆ ರಾಶಿ ಹಿಂದೆ ನಾವು ನಾಲ್ಕು ಜನ ಕಾಲು ಚಾಚ್ತಿದ್ವಿ. ಬೆನ್ನು ಹಿಡ್ಕೊಂಡ್ರೆ ಒರಗ್ತಿದ್ವಿ. ಯಾರಾದ್ರೂ ಅಳೋ ಹಾಗಿದ್ರೆ ಅಲ್ಲೇ ಅತ್ತು, ಮುಖ ಒರೆಸ್ಕೊಂಡು ಬರ್ತಿದ್ವಿ. ಈಗ ಸೂಪರ್‌ವೈಸರ್ ಆ ತುದೀಲಿ ನಿಂತ್ರೆ ನನ್ನ ಕಾಲ ಹೆಬ್ಬೆರಳೂ ಕಾಣುತ್ತೆ. ಓದು ನಿಂದು, ಹೋಗಿದ್ದು ನಮ್ಮ ಮರೆ."

ಚಿಕ್ಕಮ್ಮನಿಗೆ ಹಳೆಯದಕ್ಕೇ ಮರಳೋಣ ಎನ್ನಲು ಮನಸ್ಸು ಬರಲಿಲ್ಲ, ಸಾಲು ನಿಜಕ್ಕೂ ಚೆನ್ನಾಗಿ ನಡೆಯುತ್ತಿತ್ತು. ಸುಮ್ಮನಿರಲೂ ಆಗಲಿಲ್ಲ. ಮರುದಿನ ಮೇಷ್ಟ್ರಿಗೆ ಹೇಳಿದಾಗ ಅವರು ಕನ್ನಡಕ ಒರೆಸಿ, ಒರೆಸಿ, "ಇದಕ್ಕೆ ನನ್ನ ಹತ್ರ ಸೂತ್ರ ಇಲ್ಲಮ್ಮ" ಎಂದರು. ಅಕ್ಕನ ಮಗಳು ಮಾತ್ರ ಪ್ರಾಜೆಕ್ಟಿಗೆ ಬರೆದಿದ್ದ ಕಾರ್ಖಾನೆಯ ನಕ್ಷೆಯನ್ನು ಮೇಜಿನ ಮೇಲೆ ಹರಡಿ, "ಗುಡ್ಡೆ ಹೋದ್ಮೇಲೆ ಕಿಟಕಿ ಪಕ್ಕ ಇಷ್ಟು ಜಾಗ ಉಳೀತಲ್ಲ ಚಿಕ್ಕಮ್ಮ. ಅದು ಯಾರದು?" ಎಂದಳು.

ಆ ಜಾಗಕ್ಕಾಗಿ ಚಿಕ್ಕಮ್ಮ ಮಾಲೀಕರ ಕೋಣೆಗೆ ಹೋಗಿಬಂದದ್ದೇ ಬಂದದ್ದು. ಅವರಿಗೆ ಅಲ್ಲಿ ಇನ್ನೊಂದು ಹೊಲಿಗೆ ಯಂತ್ರ ಇಡುವ ಆಸೆ. ಇವಳು ಮೇಷ್ಟ್ರ ಪಾಠವನ್ನೇ ಅವರಿಗೆ ಒಪ್ಪಿಸಿದಳು: ಹೊಲಿಯುವವರನ್ನು ಹೆಚ್ಚಿಸಿದರೆ ಕಟ್ಟುವವರ ಮುಂದೆ ಮತ್ತೆ ಗುಡ್ಡೆ ಬೀಳುತ್ತದೆಯೇ ಹೊರತು ಛತ್ರಿ ಹೆಚ್ಚುವುದಿಲ್ಲ. "ಕಟ್ಟೋರ ಬೆನ್ನು ನೆಟ್ಟಗಿದ್ರೆ ಮಾತ್ರ ನಿಮ್ಮ ಲಾರಿ ಹೊತ್ತಿಗೆ ಹೊರಡೋದು ಸಾರ್." ಕೊನೆಗೆ ಅವರು ಇವಳ ಕಾಟ ತಾಳಲಾರದೆಯೋ ಏನೋ ಹೂಂ ಎಂದರು. ಕಿಟಕಿಯ ಕೆಳಗೆ ಒಂದು ಉದ್ದನೆಯ ಮರದ ಬೆಂಚು ಬಂತು, ಅದಕ್ಕೊಂದು ಹಲಗೆಯ ಅಡ್ಡಗೋಡೆಯೂ ಬಂತು. ಸರದಿಯ ಮೇಲೆ ಯಾರು ಬೇಕಾದರೂ ಹೋಗಿ ಕೂರಬಹುದು.

ಪ್ರಾಜೆಕ್ಟ್ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ನಕ್ಷೆಯ ಮೇಲೆ ಬೆರಳಿಟ್ಟು ಕೇಳಿದರು.

"ಈ ಚೌಕದಲ್ಲಿ ಏನು ತಯಾರಾಗುತ್ತೆ?"

"ಏನೂ ಇಲ್ಲ ಸಾರ್. ಅಲ್ಲಿ ಕೂತ್ಕೋತಾರೆ."

"ಕೂತ್ಕೊಂಡು?"

"ಕೂತ್ಕೊಂಡು ಎದ್ದು ಬರ್ತಾರೆ ಸಾರ್."

ಅವರು ನಗಲಿಲ್ಲ, ಅಂಕವನ್ನೂ ಕೈಬಿಚ್ಚಿ ಕೊಡಲಿಲ್ಲ. ಅಕ್ಕನ ಮಗಳು ಹೊರಗೆ ಬಂದವಳೇ ಕಂಬಕ್ಕೆ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅದೇ ವಾರ, ಪಾಳಿಯ ಮಧ್ಯೆ ಚಿಕ್ಕಮ್ಮ ಆ ಬೆಂಚಿನಲ್ಲಿ ಕೂತಿದ್ದಾಗ ಕಡ್ಡಿ ಬಂದು ಪಕ್ಕದಲ್ಲಿ ಕೂತಳು. ಹಿಂದಕ್ಕೆ ವಾಲಿ ನೋಡಿ, "ಬೆಂಚಿಗೆ ಬೆನ್ನು ಒರಗಿಸೋಕೆ ಏನೂ ಇಲ್ಲ. ನಿನ್ನ ಪುಸ್ತಕದಲ್ಲಿ ಅದನ್ನ ಹೇಳಿಲ್ವಾ?" ಎಂದಳು. ಅಷ್ಟಕ್ಕೆ ಗೆಳೆತನ ಮೊದಲಿನ ದಾರಿಗೆ ಬಿತ್ತು.

ಮುಂದೆ ಚಿಕ್ಕಮ್ಮ ದೊಡ್ಡ ಉಗ್ರಾಣವೊಂದರಲ್ಲಿ ಯೋಜನಾ ವಿಭಾಗ ಸೇರಿ, ಅಲ್ಲೇ ನಿವೃತ್ತಳಾದಳು. ಛತ್ರಿ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು. ಆ ಕಟ್ಟಡದಲ್ಲಿ ಈಗ ಮಂಚ, ಸೋಫಾ ಮಾರುತ್ತಾರೆ. ಮೇಷ್ಟ್ರೂ ಇಲ್ಲ. ಅಕ್ಕನ ಮಗಳು ಬಂದರಿನಲ್ಲಿ ಹಡಗುಗಳ ಸರದಿ ನೋಡಿಕೊಳ್ಳುವ ಅಧಿಕಾರಿ, ಮಾತಾಡಲು ಸಿಗುವುದೇ ಅಪರೂಪ.

ಪದವಿಯ ದಿನದ ನಿಲುವಂಗಿ, ಚಪ್ಪಾಳೆ ಯಾವುದೂ ಚಿಕ್ಕಮ್ಮನಿಗೆ ಈಗ ಅಷ್ಟಾಗಿ ನೆನಪಾಗುವುದಿಲ್ಲ. ನೆನಪಾಗುವುದು ಪರೀಕ್ಷೆಯ ಕಾಲದ ಬೆಳಗುಗಳು. ಅಡುಗೆಮನೆಯ ನೆಲದ ಮೇಲೆ ತಾನು ತರಕಾರಿ ಹೆಚ್ಚುತ್ತಾ ಕೂತಿರುವುದು, ಎದುರಿಗೆ ಒದ್ದೆ ಕೂದಲು ಬಿಟ್ಟುಕೊಂಡ ಹುಡುಗಿ ಒಂದೊಂದೇ ಪ್ರಶ್ನೆ ಕೇಳುವುದು, ತಪ್ಪು ಹೇಳಿದರೆ ಸೌಟಿನಿಂದ ಮೊಣಕಾಲಿಗೆ ಮೆಲ್ಲಗೆ ತಟ್ಟುವುದು. "ಅಯ್ಯೋ, ನಿನ್ನನ್ನ ಎತ್ತಿ ಆಡಿಸಿದವಳು ಕಣೇ ನಾನು" ಎಂದರೆ, "ಅದು ಸಿಲಬಸ್‌ನಲ್ಲಿಲ್ಲ ಚಿಕ್ಕಮ್ಮ, ಮುಂದಿನದು ಹೇಳು" ಎನ್ನುತ್ತಿದ್ದಳು.