ವಿಠಲನ ರಿಂಗು

ದೆವ್ವ, ಮಾಟ, ಮೈಮೇಲೆ ಬರುವುದು ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಸಡ್ಡೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಮುಂಬಯಿ ರೈಲು ಹತ್ತಿದವನು ನಾನು. ಲೋಟ ತೊಳೆದೆ, ಟೇಬಲ್ ಒರೆಸಿದೆ, ಕೊನೆಗೆ ಮುಂಬಯಿ ಪಕ್ಕದ ಠಾಣೆ ಊರಿನ ವರ್ತಕ ನಗರದಲ್ಲಿ ಸ್ವಂತ ಹೋಟೆಲು ಮಾಡಿದೆ. ಯಾವ ದೈವವೂ ಬಂದು ನನ್ನ ಪರವಾಗಿ ಲೋಟ ತೊಳೆದಿರಲಿಲ್ಲ. ಈಗ ಬರೆಯುತ್ತಿರುವುದನ್ನು ಬೇರೆ ಯಾರಾದರೂ ನನಗೆ ಹೇಳಿದ್ದರೆ, ಒಂದು ಚಹಾ ಕುಡಿಸಿ ಕಳಿಸಿಬಿಡುತ್ತಿದ್ದೆ. ನೀವೂ ಹಾಗೇ ಮಾಡಬಹುದು.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಅರ್ಜಿ ಹಾಕಿ ವರ್ಷಗಟ್ಟಲೆ ಕಾದ ಮೇಲೆ ನಾನು ದುಡ್ಡು ತೆಗೆದುಕೊಳ್ಳಲು ಕೂರುವ ಗಲ್ಲೆಯ ಪಕ್ಕಕ್ಕೆ ಕಪ್ಪು ಫೋನು ಬಂದಿತ್ತು. ಸುತ್ತಲಿನ ಚಾಳುಗಳಲ್ಲಿದ್ದ ನಮ್ಮವರೆಲ್ಲ ಕೆಲಸದ ಕಡೆ ಆ ನಂಬರನ್ನೇ ಕೊಟ್ಟಿದ್ದರು. ಆಗಿನ ಪಬ್ಲಿಕ್ ಫೋನಿನಲ್ಲಿ ಈ ಕಡೆಯವರು ಎತ್ತಿದರೆ ಮಾತ್ರ ನಾಣ್ಯ ಹಾಕಬೇಕು. ಹಾಗಾಗಿ ನಮ್ಮ ಜನ ಒಂದು ಉಪಾಯ ಮಾಡಿಕೊಂಡಿದ್ದರು. ಮಾತಾಡುವುದೇ ಇಲ್ಲ, ಬರೀ ರಿಂಗು ಕೊಟ್ಟು ಇಡುವುದು. ಒಬ್ಬೊಬ್ಬರಿಗೆ ಒಂದೊಂದು ಗುರುತು. ಎರಡು ಬಾರಿಸಿ ನಿಂತರೆ ಇಂಥವನಿಗೆ ಓವರ್‌ಟೈಮ್, ಮನೆಗೆ ತಿಳಿಸಿ ಎಂದು. ನನ್ನ ತಮ್ಮ ವಿಠಲನದು ಮೂರು ರಿಂಗು, ಸ್ವಲ್ಪ ಬಿಟ್ಟು ಮತ್ತೊಂದು. ಖಾಡಿಯಾಚೆಯ ಕಳವಾ ಊರಿನ ಕಾರ್ಖಾನೆಯಿಂದ ಹೊರಟೆ, ಊಟ ಎತ್ತಿಡಿ ಎಂದು ಅದರ ಅರ್ಥ. ಆ ಗುರುತು ಬಂದ ದಿನ ಮಾತ್ರ ಅವನ ತಟ್ಟೆ ಬಡಿಸಿ ಮುಚ್ಚಿಡುವುದು. ಬಾರದಿದ್ದರೆ ಅವನ ಊಟ ಕ್ಯಾಂಟೀನಿನಲ್ಲಿ.

ಈ ರಿಂಗುಗಳ ಕಾಟ ತಡೆಯಲಾರದೆ, ಗಿರಾಕಿ ಹೆಚ್ಚಿದ ಹೊತ್ತಿಗೆ ನಾನು ಒಮ್ಮೊಮ್ಮೆ ರಿಸೀವರ್ ಕೆಳಗಿಡುತ್ತಿದ್ದೆ. ಅದು ಎಲ್ಲರಿಗೂ ಗೊತ್ತಿತ್ತು. ಆ ದಿನ ಇಟ್ಟಿರಲಿಲ್ಲ. ಬೇರೇನು ನಂಬದಿದ್ದರೂ ಇದೊಂದನ್ನು ನೀವು ನಂಬಬೇಕು.

ಮಧ್ಯಾಹ್ನದ ಊಟದ ಗಲಾಟೆ ಮುಗಿದಿತ್ತು. ವಿಠಲನ ಗುರುತು ಬಂತು. ಪಾಳಿ ಬಿಡಲು ಇನ್ನೂ ಹೊತ್ತಿದೆಯಲ್ಲ ಎಂದುಕೊಂಡೇ ಅವನ ತಟ್ಟೆ ಮುಚ್ಚಿಟ್ಟೆ. ಅದೇ ಗುರುತು ಮತ್ತೆ ಬಂತು. ಮತ್ತೂ ಬಂತು. ದೋಸೆಕಲ್ಲಿನ ಮುಂದೆ ನಿಂತಿದ್ದ ಸಂಜೀವ ನಕ್ಕ. "ಧಣಿ, ಇವತ್ತು ವಿಠಲಣ್ಣ ಇಡೀ ಕಾರ್ಖಾನೆಗೆ ಊಟ ಹೇಳುವುದಾ ಹೇಗೆ?"

ಮುಂದಿನ ಸಲ ಎತ್ತಿಯೇಬಿಟ್ಟೆ. ಆ ಕಡೆ ಉಸಿರೂ ಇಲ್ಲ. ಡಯಲ್ ಟೋನೂ ಇಲ್ಲ. ಯಾರೋ ಹಿಡಿದುಕೊಂಡು ಕೂತಿದ್ದಾರೆ ಅನ್ನಿಸಿತು. ಬೈದು ಇಟ್ಟೆ. ಇಟ್ಟ ಕೂಡಲೇ ಮೂರು, ಆಮೇಲೆ ಒಂದು. ಸಂಜೆಯ ತನಕ ಇದೇ ನಡೆಯಿತು. ಎತ್ತಿದರೆ ಮೌನ, ಇಟ್ಟರೆ ರಿಂಗು. ಚಹಾಕ್ಕೆ ಬಂದವರೆಲ್ಲ ತಮಾಷೆ ಮಾಡಿದರು. ಒಬ್ಬ ಕಿವಿ ಮುಚ್ಚಿಕೊಂಡು ಎದ್ದು ಹೋದ.

ದೀಪ ಹಚ್ಚುವ ಹೊತ್ತಿಗೆ ವಿಠಲನ ಜೊತೆ ಕೆಲಸ ಮಾಡುವ ವಿಜಯಪುರದ ಬಸಣ್ಣ ಬಂದ. ಅಂಗಿಯ ಮೇಲೆ ರಕ್ತವಿತ್ತು. ಮಧ್ಯಾಹ್ನ ಕಾರ್ಖಾನೆಯಲ್ಲಿ ಹಬೆಯ ಪೈಪು ಒಡೆದಿತ್ತು. ವಿಠಲನನ್ನು ಆಸ್ಪತ್ರೆಗೆ ಸೇರಿಸಿದ್ದು ಇವನೇ.

"ಸಿಸ್ಟರ್ ಬಾಯಿ ನಿಮ್ ನಂಬರ್ ತಿರುಗಿಸಿ ತಿರುಗಿಸಿ ಸಾಕಾದ್ಲ್ರೀ ಶೆಟ್ರ. ಬರೇ ಎಂಗೇಜ್. ಅಂವಾ ನನ್ ಕೈ ಬಿಡ್ಲಿಲ್ಲ, ಇಲ್ಲಂದ್ರ ನಾನೇ ಓಡಿ ಬರ್ತಿದ್ದೆ. ಅಣ್ಣ ಬಂದ್ನೇನು, ಅಣ್ಣ ಬಂದ್ನೇನು ಅನಕೋತನೇ ಜೀವಾ ಬಿಟ್ಟ."

ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಸೇತುವೆ ದಾಟಿದರೆ ಆಸ್ಪತ್ರೆ. ಅಲ್ಲಿಂದ ಒಂದೇ ಒಂದು ಕರೆ ಒಳಗೆ ಬಂದಿದ್ದರೆ ನಾನು ಅವನ ಮುಖ ನೋಡುತ್ತಿದ್ದೆ.

ವಿಠಲನ ಹೆಂಡತಿ ಸುಮತಿ ರಸ್ತೆಯಾಚೆಯ ಚಾಳಿನಲ್ಲಿ ಹಸುಗೂಸಿನೊಂದಿಗೆ ಇದ್ದಳು. ಅವಳು ನನ್ನ ಮುಂದೆ ಅಳಲಿಲ್ಲ. "ಗಿರಾಕಿ ಹೊತ್ತಲ್ವಾ ಬಾವ, ರಿಸೀವರ್ ಕೆಳಗಿಟ್ಟಿರ್ತೀರಿ" ಎಂದಳು, ಅಷ್ಟೇ. ಆಮೇಲೆ ಅವಳು ಹೋಟೆಲಿನ ಮೆಟ್ಟಿಲು ತುಳಿದಿಲ್ಲ.

ಮರುದಿನ ಟೆಲಿಫೋನ್ ಆಫೀಸಿಗೆ ಹೋಗಿ ಕೂಗಾಡಿದೆ. ಕರೆ ಬಿಟ್ಟ ಹರಾಮಿ ಯಾರು, ಹೇಳಿ ಎಂದೆ. ಲೈನ್‌ಮನ್ ನನ್ನನ್ನು ವಿಚಿತ್ರವಾಗಿ ನೋಡಿದ. "ಶೇಟ್, ಆಪ್ ಕೀ ಲೈನ್ ತೋ ಕಲ್ ಸುಬಹ್ ಸೇ ಡೆಡ್ ಹೈ." ಗಟಾರ ಅಗೆಯುವವರು ಹಿಂದಿನ ದಿನ ಬೆಳಿಗ್ಗೆಯೇ ಕೇಬಲ್ ಕಡಿದಿದ್ದರು. ಬೀದಿಯ ಬೇರೆ ಫೋನುಗಳೂ ಸತ್ತಿದ್ದವು. ಔಷಧಿ ಅಂಗಡಿಯವನೂ ಹೌದೆಂದ. ಅಂಥ ಲೈನಿಗೆ ಹೊರಗಿನಿಂದ ತಿರುಗಿಸಿದವರಿಗೆ ಎಂಗೇಜ್ ಕೇಳಿಸಬಹುದಂತೆ. ನನ್ನ ಗಲ್ಲೆಯಲ್ಲಿ ಗಂಟೆ ಬಾರಿಸಲು ಮಾತ್ರ ಸಾಧ್ಯವೇ ಇಲ್ಲವಂತೆ.

ರಿಸೀವರ್ ಕೆಳಗಿಟ್ಟಿರಲಿಲ್ಲ, ಫೋನು ಬಾರಿಸುತ್ತಲೇ ಇತ್ತು ಎಂದು ಸುಮತಿಗೆ ಹೇಳೆಂದು ಸಂಜೀವನನ್ನು ಕರೆದೆ. ಅವನು ಕೈ ಒರೆಸಿಕೊಂಡು ನೆಲ ನೋಡಿದ. "ಗ್ರೈಂಡರಿನ ಸದ್ದಲ್ಲಿ ನನಗೆ ಸರಿ ಕೇಳಿಲ್ಲ ಧಣಿ." ತಮಾಷೆ ಮಾಡಿದವರು, ಕಿವಿ ಮುಚ್ಚಿಕೊಂಡವನು, ಲೈನು ಸತ್ತಿತ್ತೆಂದು ತಿಳಿದ ಮೇಲೆ ಎಲ್ಲರ ಕಿವಿಯೂ ಹಾಗೇ ಆಯಿತು. ನನ್ನ ಉಪ್ಪು ತಿಂದವರ ಮಾತು ಇದು. ಮುಚ್ಚಿಟ್ಟಿದ್ದ ತಟ್ಟೆ ಅಲ್ಲೇ ಇತ್ತು. ಗುರುತು ಬಾರದೆ ನಾನು ಅದನ್ನು ಯಾಕೆ ಬಡಿಸಿಡುತ್ತಿದ್ದೆ ಎಂದು ಒಬ್ಬನೂ ಕೇಳಲಿಲ್ಲ.

ವಿಠಲನ ಆ ಕೂಸು ಈಗ ದೊಡ್ಡವನಾಗಿ ಖಾರಘರದಲ್ಲಿ ಕಂಪ್ಯೂಟರ್ ಆಫೀಸಿನಲ್ಲಿದ್ದಾನೆ. ಒಮ್ಮೆ ಮದುವೆಮನೆಯಲ್ಲಿ ಅವನಿಗೆ ಕೆಲಸದ ಕಡೆಯಿಂದ ಮೇಲಿಂದ ಮೇಲೆ ಫೋನು ಬರುತ್ತಿತ್ತು. ಏನು ಗಡಿಬಿಡಿ ಎಂದು ಕೇಳಿದೆ. ಅವನು ಎಂದಿನಂತೆ ಹಿಂದಿಯಲ್ಲೇ ಉತ್ತರಿಸಿದ. ಯಾರೋ ಅವರ ಆಫೀಸಿನ ಕಂಪ್ಯೂಟರಿನ ಮೇಲೆ ಲಕ್ಷಗಟ್ಟಲೆ ಸುಳ್ಳು ಕರೆಗಳನ್ನು ಒಟ್ಟಿಗೆ ಬಿಟ್ಟಿದ್ದಾರಂತೆ. ನಿಜವಾದ ಕರೆಯ ಹಾಗೇ ಕಾಣುತ್ತವೆ, ಹಿಂದೆ ಯಾರೂ ಇರುವುದಿಲ್ಲ. ಯಂತ್ರ ಅವಕ್ಕೆ ಉತ್ತರ ಕೊಡುತ್ತಾ ಕೂರುತ್ತದೆ, ನಿಜವಾಗಿ ಬರಬೇಕಾದವರು ಹೊರಗೇ ಉಳಿಯುತ್ತಾರೆ. ಕಳ್ಳ ಏನನ್ನೂ ಕದಿಯುವುದಿಲ್ಲ, ಬಾಗಿಲು ತುಂಬಿಸುತ್ತಾನೆ ಅಷ್ಟೇ.

"ಯಾರು ಮಾಡುವುದು ಇದನ್ನು?" ಎಂದೆ.

"ಕೋಯೀ ದುಶ್ಮನ್ ಹೋಗಾ, ದೊಡ್ಡಪ್ಪ."

ವಿಠಲನಿಗೆ ದುಶ್ಮನ್, ವೈರಿ ಎಂಬುವನು ಇರಲಿಲ್ಲ. ಅವನು ಸತ್ತ ದಿನ ನನ್ನನ್ನು ಗಲ್ಲೆಯಲ್ಲೇ ಕಟ್ಟಿಹಾಕಿದ್ದು ವಿಠಲನದೇ ಗುರುತು. ಹೊರಟೆ, ಊಟ ಎತ್ತಿಡಿ ಎನ್ನುವ ಗುರುತು. ಅವನೇ ಬಾರಿಸುತ್ತಿದ್ದನೋ, ಬೇರೆ ಏನೋ ಅವನ ಹಾಗೆ ಬಾರಿಸಿತೋ, ನನ್ನ ತಲೆಗೆ ಇವತ್ತಿಗೂ ಹೊಳೆದಿಲ್ಲ.

ಬಂದದ್ದು ಅವನದೇ ರಿಂಗು ಎಂದು ಸುಮತಿಗೆ ನಾನು ಹೇಳಿಲ್ಲ. ಹೇಳಿದರೆ, ಸತ್ತವನ ಮೇಲೆ ತಪ್ಪು ಹೊರಿಸಿ ಪಾರಾಗಲು ನೋಡುತ್ತಿದ್ದಾನೆ ಎಂದಾಳು. ನಾನು ರಿಸೀವರ್ ಕೆಳಗಿಟ್ಟಿದ್ದೆ ಎಂದೇ ಅವಳು ತಿಳಿದುಕೊಂಡಿರಲಿ.